ಬಾಯಿಗೆ ಬಾರದ ಪಾಸ್‌ವರ್ಡ್

ಹದಿನಾರು ಗ್ರಾಮ
೧೪-೬-೨೦೦೮

ವಿದ್ಯಾಸಂಸ್ಥೆಯ ಕಾರ್ಯದರ್ಶಿ ನಟರಾಜ್ ಅವರಿಗೆ ಮುಖ್ಯೋಪಾಧ್ಯಾಯಿನಿ ಮಂಗಳಮ್ಮ ಮಾಡುವ ನಮಸ್ಕಾರಗಳು.

ಶಾಲೆಯ ಹೊಸ ಲ್ಯಾಪ್‌ಟಾಪನ್ನು ತಾವು ನಂಜನಗೂಡಿಗೆ ತರಿಸಿಕೊಂಡಿರಿ. ಅದು ತೆರೆಯದೆ ಹೋದಾಗ ಫೋನ್ ಮಾಡಿ ನನ್ನ ಪಾಸ್‌ವರ್ಡ್ ಕೇಳಿದಿರಿ.

"ಬಾಯಲ್ಲಿ ಹೇಳಕ್ಕಾಗಲ್ಲ ಸಾರ್," ಅಂದೆ.

"ಮರ್ತೋಯ್ತಾ?"

"ಮರೆಯೋ ಅಂಥದ್ದಲ್ಲ ಸಾರ್."

"ಹಂಗಾದ್ರೆ ಒಳಗೇನ್ರೀ ಬಚ್ಚಿಟ್ಟಿದ್ದೀರ?"

ಇಂದು ನೋಟಿಸೂ ಬಂತು. ನಾಳೆಯೊಳಗೆ ತಿಳಿಸದಿದ್ದರೆ ನನ್ನ ಕುರ್ಚಿ ಚಂಪಕ ಟೀಚರಿಗೆ ಹೋಗುತ್ತದಂತೆ.

ಅನುಮಾನ ನನಗೂ ಇದೆ. "ಸಾಕ್ಷಾತ್ ನಂಜುಂಡೇಶ್ವರನೇ ಬಂದು ಕೇಳಿದರೂ ಪಾಸ್‌ವರ್ಡ್ ಕೊಡಬೇಡಿ" ಎಂದು ತರಬೇತಿಯಲ್ಲಿ ಹೇಳಿಕೊಟ್ಟವರು ತಾವೇ. ದೇವರಿಗೇ ಇಲ್ಲದ್ದನ್ನು ಫೋನಿನಲ್ಲಿ ಕೇಳಿದ ಬರೀ ದನಿಗೆ ಹೇಗೆ ಕೊಡಲಿ?

"ಅಪ್ಪಿತಪ್ಪಿಯೂ ಬಾಯಿಂದ ಹೊರಬೀಳದ ಪದ ಇಡಿ, ಕಾಗದದ ಮೇಲೆ ಬರೆಯಬೇಡಿ" ಎಂದೂ ಅಪ್ಪಣೆಯಾಗಿತ್ತು. ಮದುವೆಯಾದ ಇಪ್ಪತ್ತೆಂಟು ವರ್ಷಗಳಲ್ಲಿ ನನ್ನ ಬಾಯಿಂದ ಹೊರಬೀಳದ ಪದ ಒಂದೇ, ನಮ್ಮ ಯಜಮಾನರ ಹೆಸರು. ಅದನ್ನೇ ಇಟ್ಟೆ. ಈಗ ಹೇಳಿದರೆ ಸಂಪ್ರದಾಯ ಕೆಡುತ್ತದೆ, ಬರೆದರೆ ತಮ್ಮ ಅಪ್ಪಣೆ ಕೆಡುತ್ತದೆ.

ಆದ್ದರಿಂದ, ಈ ಪತ್ರ ತಂದಿರುವವರನ್ನು ಒಳಗೆ ಕರೆದು, ಬಾಗಿಲು ಹಾಕಿ, ಅವರ ಹೆಸರು ಕೇಳಿ. ಇಂಗ್ಲಿಷ್ ಸ್ಪೆಲಿಂಗನ್ನೂ ಹೇಳುತ್ತಾರೆ. ಯಾಕೆ ಕೇಳಿದಿರೆಂದು ಮಾತ್ರ ದಯವಿಟ್ಟು ತಿಳಿಸಬೇಡಿ. ತಿಳಿದರೆ ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ ಹೇಳಿಕೊಂಡು ಬರುತ್ತಾರೆ.

ಪಾಸ್‌ವರ್ಡನ್ನು ಮೂರು ತಿಂಗಳಿಗೊಮ್ಮೆ ಬದಲಾಯಿಸಬೇಕೆಂಬ ನಿಯಮದಿಂದ ನನಗೆ ವಿನಾಯಿತಿ ಕೊಡಬೇಕಾಗಿ ಕೋರುತ್ತೇನೆ. ನಮ್ಮ ಮನೆತನದಲ್ಲಿ ಹಾಗೆಲ್ಲ ಬದಲಾಯಿಸುವ ಪದ್ಧತಿ ಇಲ್ಲ.

ಇಂತಿ ತಮ್ಮ ವಿಧೇಯಳು,
ಮಂಗಳಮ್ಮ