ಗೋಡೆಗೆ ನೀವು ಹಚ್ಚಿದ ಗಾಜು

ಉಮಾಶ್ರೀಯ ಅಪ್ಪನವರೇ,

ಈಗ ಸಂಜೆ ಆರು ಗಂಟೆ. ಇವತ್ತು ಗೋಲ್ಕೊಂಡದ ಗುಂಬಜ್ ನೋಡಲು ಜರ್ಮನಿಯ ಕಾಲೇಜು ಮಕ್ಕಳು ಬಂದಿದ್ದರು. ಬೆಳಿಗ್ಗೆ ಕೋಟೆ ಹತ್ತಿ ಬಂದವರು, ಇಲ್ಲಿಂದ ಹೈಟೆಕ್ ಸಿಟಿಗೆ ಹೋಗುವವರು. ನೀವು ತೀರಿಹೋದ ಮೇಲೆ ನಿಮ್ಮ ಮೇಸ್ತ್ರಿಯ ಕೈಕೆಳಗೆ ನಾನು ಈ ಗುಂಬಜ್‌ನಲ್ಲೇ ಗಾರೆ ಕಲಸುತ್ತಿದ್ದೇನೆ.

ಬಿರುಕಿಗೆ ಅಡ್ಡಲಾಗಿ ನೀವು ಹಚ್ಚಿ, ಪಕ್ಕದಲ್ಲಿ ತಾರೀಖು ಬರೆದಿದ್ದ ಗಾಜಿನ ಪಟ್ಟಿಯನ್ನು ಒಬ್ಬ ಹುಡುಗಿ ತೋರಿಸಿ, ಇದೇನು ಎಂದು ಕೇಳಿದಳು. ಸುಲ್ತಾನರ ಕಾಲದ್ದು ಎಂದುಬಿಟ್ಟ ಗೈಡ್ ಅಂಬಾದಾಸ.

"ಸುಲ್ತಾನರು ಎರಡು ಸಾವಿರದ ಮೂರು ಅಂತ ಬರದಾರೇನು ಅಣ್ಣಾ? ನಮ್ಮ ಮನಿಯವರು ಹಚ್ಚಿದ್ದದು. ಗ್ವಾಡಿ ಅಳ್ಳಾಡಿದ್ರ ಮೊದಲ ಈ ಗಾಜು ಒಡಿತೈತಿ," ಎಂದೆ.

"ಅಕ್ಕಾ, ಇನ್ನ ಮ್ಯಾಲ ಗೈಡ್ ಕೆಲಸ ನೀನ ಮಾಡು," ಎಂದು ನಗುತ್ತಾ ಅವನು ನನ್ನ ಮಾತನ್ನು ಮಕ್ಕಳಿಗೆ ಇಂಗ್ಲಿಷಿನಲ್ಲಿ ಹೇಳಿದ. ಇಪ್ಪತ್ತು ಮಕ್ಕಳೂ ಒಬ್ಬೊಬ್ಬರಾಗಿ ಬಂದು ನಿಮ್ಮ ಬರಹ ನೋಡಿದರು. ನನಗೆ ಭಾಳ ಸಂತೋಷವಾಯಿತು.

ಒಂದು ಭಾನುವಾರ ಬಂದು ನೋಡು ಎಂದು ನೀವು ಎಷ್ಟು ಸಲ ಕರೆದಿರಿ. ಬಟ್ಟೆ ಒಗೆಯುವುದಿದೆ ಎನ್ನುತ್ತಿದ್ದೆ.

ನೀವು ಹಚ್ಚಿ ಎರಡು ವರ್ಷವಾದರೂ ಗಾಜು ಒಡೆದಿಲ್ಲ. ಗೋಡೆ ಗಟ್ಟಿಯಿದೆ ಎಂದು ನಾಳೆ ಅದನ್ನು ತೆಗೆದು, ಬರಹದ ಮೇಲೂ ಗಾರೆ ಬಳಿಯುತ್ತಾರೆ. ಗಾರೆ ನಾನೇ ಕಲಸುತ್ತೇನೆ.