ಏಳು ಗಂಟೆಗೆ ಎರ್ರೆಮ್ಮ ಹಾಜರು

ಸೆಪ್ಟೆಂಬರ್ 13, ಶನಿವಾರ

ಬೆಳಕಿನ ಪಾಠ ಮತ್ತೆ ರೆಕಾರ್ಡ್ ಮಾಡಿದೆ. ಮೊದಲ ಸಲ ಪಕ್ಕದ ಮನೆಯ ಮಿಕ್ಸಿ, ಆಮೇಲೆ ತರಕಾರಿ ಗಾಡಿಯವನ ಕೂಗು. ಕೊನೆಗೆ ಬಚ್ಚಲಲ್ಲಿ ನಿಂತು ಮುಗಿಸಿದೆ. ವಿಜ್ಞಾನದ ಟೀಚರಿಗೆ ಬಚ್ಚಲೇ ಸ್ಟುಡಿಯೋ.

ಮಧ್ಯಾಹ್ನ ಕೂಡ್ಲಿಗಿಯಲ್ಲಿ ‘ಜೋಡಿ ಕಲಿಕೆ’ ಮೀಟಿಂಗು. ಅರ್ಧ ಪಾಠ ಫೋನಿನಲ್ಲಿ, ಅರ್ಧ ತರಗತಿಯಲ್ಲಿ. ಐದು ತಾಲ್ಲೂಕಿನ ಹೈಸ್ಕೂಲುಗಳಿಗೆ ಒಂದು ಟ್ರಸ್ಟ್ ತಂದಿರುವ ಯೋಜನೆ. ಅದರ ಕೋಆರ್ಡಿನೇಟರ್ ಪ್ರವೀಣಕುಮಾರ್ ಸ್ಲೈಡ್ ಮೇಲೆ ಸ್ಲೈಡ್ ತೋರಿಸಿದರು. ಎಲ್ಲದರಲ್ಲೂ ಮೇಜು, ಲ್ಯಾಪ್‌ಟಾಪು, ನಗುವ ಮಕ್ಕಳು. ನಮ್ಮ ಗುಡೇಕೋಟೆ ಕಡೆ ಮನೆಗೊಂದು ಫೋನು, ಅದೂ ಅಪ್ಪನ ಜೇಬಿನಲ್ಲಿ. ಎದ್ದು ನಿಂತು ಹಾಗೇ ಹೇಳಿದೆ.

“ಹಂಗಾದ್ರ ಪ್ಲಾನ್ ನೀವ ಬರೀರಿ, ಪುಷ್ಪಲತಾ ಮೇಡಂ” ಎಂದು ನಕ್ಕರು. ಬಾಯಿ ಇದ್ದವಳಿಗೇ ಕೆಲಸ. ಬರೆಯುತ್ತೇನೆ.

ಅಕ್ಟೋಬರ್ 27, ಸೋಮವಾರ

ಪ್ಲಾನ್ ಒಪ್ಪಿಗೆಯಾಯಿತು. ಬರೆಯುವಾಗ ಕಣ್ಣ ಮುಂದಿದ್ದವಳು ಹತ್ತನೇ ತರಗತಿಯ ಎರ್ರೆಮ್ಮ ಒಬ್ಬಳೇ. ದೀಪಾವಳಿ ಮುಗಿದರೆ ಅವರ ಕುರಿ ಹೊಳೆಯ ಕಡೆ ಹೊರಡುತ್ತವೆ. ಹಿಂದೆ ಅವಳೂ. ಅವಳ ಅಕ್ಕನಿಗೆ ಹೀಗೆಯೇ ಹಾಜರಿ ಸಾಲದೆ ಹಾಲ್ ಟಿಕೆಟ್ ಸಿಗಲಿಲ್ಲ. ಇವಳಿಗೆ ಹಾಗಾಗಲು ಬಿಡುವುದಿಲ್ಲ.

ಹಾಗಾಗಿ ಪಾಠಗಳೆಲ್ಲ ಮೆಮೊರಿ ಕಾರ್ಡಿನಲ್ಲಿ. ಬಿಡುವಾದಾಗ ನೋಡಬೇಕು. ವಾರಕ್ಕೊಂದು ದಿನ, ಕುರಿ ಎಲ್ಲಿ ತಂಗಿವೆಯೋ ಅಲ್ಲಿನ ಹೈಸ್ಕೂಲಿನಲ್ಲಿ ಕೂತು ಡೌಟು, ಪ್ರಯೋಗ. ಅಲ್ಲಿನ ಹೆಡ್ಮಾಸ್ಟರ್ ಸಹಿ ಹಾಕಿದರೆ ನಮ್ಮಲ್ಲಿ ಆ ವಾರದ ಹಾಜರಿ.

ಇವತ್ತು ಹೊರಟರು. ಕಾರ್ಡ್ ಕೊಡಲು ಹಟ್ಟಿಗೆ ಹೋಗಿದ್ದೆ. ಅವಳಪ್ಪ ಗಾದೆಪ್ಪ ಕಂಬಳಿ ಹೆಗಲಿಗೇರಿಸುತ್ತ ಹೇಳಿದ: “ಗೊಬ್ಬರಾಕ್ಕೈತಿ, ನಮ್ಮ ಹೊಲದಾಗ ಕುರಿ ನಿಂದ್ರಸ್ರಿ ಅಂತ ರೈತ್ರು ಕರೀತಾರ್ರಿ ಮೇಡಮ್ಮೋರ. ಈ ಸಲ ಸಾಲಿ ಹತ್ರ ಇದ್ದ ಹೊಲಕ್ಕಷ್ಟ ಹೂಂ ಅಂತೀನಿ.”

ಕಾರ್ಡನ್ನು ಅವನ ಫೋನಿಗೆ ನಾನೇ ಹಾಕಿಕೊಟ್ಟೆ.

ನವೆಂಬರ್ 14, ಶುಕ್ರವಾರ

ಹೊಳೆಯ ದಾರಿಯಲ್ಲಿರುವ ಅರಸೀಕೆರೆಯಿಂದ ಎರ್ರೆಮ್ಮನ ವಾಯ್ಸ್ ಮೆಸೇಜು. “ಮಿಸ್, ಕನ್ನಡಿ ಪಾಠ ನೋಡಿದ್ನೆರಿ. ಸೌಟಿನ ಒಳಮೈಯಾಗ ನೋಡಿದ್ರ ತೆಲಿಕೆಳಗ ಕಾಣ್ತೀನಿ. ಹಿಂದ ನೋಡಿದ್ರ ನೆಟ್ಟಗ, ಸಣ್ಣಾಕಿ ಕಾಣ್ತೀನಿ. ಅವ್ವ ಸೌಟು ಕಸಕೊಂಡ್ಲು, ಸಾರು ಉಕ್ಕಾಕತ್ತೈತಿ ಅಂತ.”

ಅಲ್ಲಿನ ಶಾಲೆಯವರು ಮೊದಲ ಬೆಂಚಿನಲ್ಲೇ ಕೂರಿಸಿದರಂತೆ. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಕೇಳಿಸಿದೆ. ಬೇಡವೆಂದವರಿಗೂ.

ಡಿಸೆಂಬರ್ 2, ಮಂಗಳವಾರ

ಪ್ಲಾನಿನ ಪ್ರಿಂಟ್ ಬಂತು. ಮೇಲೆ ನನ್ನ ಹೆಸರು, ಒಳಗಿನದು ಯಾರದೋ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದಾರೆ. ರೆಕಾರ್ಡ್ ಪಾಠಕ್ಕೆ ಹಾಜರಿ ಇಲ್ಲ. ದಿನಾ ಸಂಜೆ ಏಳಕ್ಕೆ ಲೈವ್ ಕ್ಲಾಸು. ಅದರಲ್ಲಿದ್ದವರಿಗೆ ಮಾತ್ರ ಹಾಜರಿ. ಬೇರೆ ಶಾಲೆಯಲ್ಲಿ ಕೂರುವುದು ‘ಅಗತ್ಯವಿದ್ದಲ್ಲಿ’.

ಏಳು ಗಂಟೆ! ಮೇಯಲು ಹೋದ ಕುರಿ ತಿರುಗಿ ಬಂದಿರುವ ಹೊತ್ತು. ಮರಿಗಳನ್ನು ಕೂಡಲು ಸುತ್ತ ಕಟ್ಟಿದ ಬಲೆಯೊಳಗೆ ಹಸಿದ ಮರಿಗಳು. ಯಾವ ಮರಿಗೆ ಯಾವ ತಾಯಿ ಎಂದು ನೋಡಿ ಒಂದೊಂದನ್ನೇ ಹಾಲಿಗೆ ಬಿಡಬೇಕು. ಆ ಕೆಲಸ ಎರ್ರೆಮ್ಮನದು. ಕ್ಲಾಸು ಮುಗಿಯುವವರೆಗೆ ಮರಿಗಳನ್ನು ಮ್ಯೂಟ್ ಮಾಡು ಎನ್ನಲೇ?

ಡಿಸೆಂಬರ್ 3, ಬುಧವಾರ

ಕೂಡ್ಲಿಗಿಗೆ ಹೋಗಿ ಜಗಳವಾಡಿ ಬಂದೆ. ಪ್ರವೀಣಕುಮಾರ್ ಚಹಾ ತರಿಸಿದರು. ಕುಡಿಯಲಿಲ್ಲ.

“ಏಳಕ್ಕ ಎಲ್ರೂ ಮನ್ಯಾಗ ಇರ್ತಾರಲ್ರೀ ಮೇಡಂ?”

“ಮನಿ ಇದ್ದೋರು ಇರ್ತಾರ್ರಿ.”

“ರೆಕಾರ್ಡ್ ನೋಡ್ಯಾರೋ ಇಲ್ಲೋ, ಆ್ಯಪಿಗೆ ಹೆಂಗ ಗೊತ್ತಾಗಬೇಕ್ರಿ? ಒಬ್ಬಾಕಿ ಸಲುವಾಗಿ ಐದು ತಾಲ್ಲೂಕು ಬದಲಿ ಮಾಡಾಕ ಆಕ್ಕೈತೇನು?”

ಒಬ್ಬಾಕೆ ಅಂತೆ. ಆ ಒಬ್ಬಾಕೆಗೆಂದೇ ಕೂತು ಬರೆದದ್ದು. ಬಸ್ಸಿನಲ್ಲಿ ಕಿಟಕಿಗೆ ಮುಖ ಮಾಡಿ ಅತ್ತೆ… ದುಃಖಕ್ಕಲ್ಲ, ಸಿಟ್ಟಿಗೆ.

ಡಿಸೆಂಬರ್ 16, ಮಂಗಳವಾರ

ನಿನ್ನೆಯ ಲೈವ್ ಕ್ಲಾಸಿನಲ್ಲಿ ಎರ್ರೆಮ್ಮನ ಹೆಸರು! ಕುಣಿಯುವಷ್ಟು ಖುಷಿಯಾಯಿತು. ಪ್ರಶ್ನೆ ಕೇಳಿದೆ, ಉತ್ತರವಿಲ್ಲ. ಕ್ಲಾಸು ಮುಗಿಸಿ ಫೋನ್ ಮಾಡಿದರೆ, “ಇಲ್ರಿ ಮಿಸ್, ನಾ ಮರಿ ಬಿಡಾಕತ್ತಿದ್ನೆಲ್ರಿ” ಎಂದಳು.

ಬೆಳಿಗ್ಗೆ ನಮ್ಮ ಹೆಡ್ಮಾಸ್ಟರ್ ಪಾಲಾಕ್ಷಪ್ಪನವರು ಪಕ್ಕಕ್ಕೆ ಕರೆದರು. “ಅದು ನಾನಾರೀ ಮೇಡಂ. ಹಳೇ ಫೋನ್ನ್ಯಾಗ ಆಕಿ ಹೆಸರ್ಲೆ ಕುಂದ್ರತೀನಿ. ಹುಡುಗಿ ವರ್ಷ ಹಾಳಾಗಬಾರ್ದು ನೋಡ್ರಿ.”

ಒಳ್ಳೆಯ ಮನುಷ್ಯ. ಜಗಳವಾಡಬೇಕಿತ್ತು, ಆಡಲಿಲ್ಲ. ಹಾಲ್ ಟಿಕೆಟ್ ಬರಲಿ ಎಂದು ಬಾಯಿ ಮುಚ್ಚಿಕೊಂಡೆ.

ಜನವರಿ 6, ಮಂಗಳವಾರ

ಟ್ರಸ್ಟಿನ ಹೊಸ ಸುತ್ತೋಲೆ. ಕುರಿ ಜೊತೆ ಹೋದ ಮಕ್ಕಳೂ ಲೈವ್ ಕ್ಲಾಸಿಗೆ ತಪ್ಪದೆ ಬರುತ್ತಿದ್ದಾರೆ, ಇನ್ನು ಬೇರೆ ಶಾಲೆಗಳಲ್ಲಿ ಕೂರಿಸುವ ಅಗತ್ಯವಿಲ್ಲ. ಉದಾಹರಣೆಗೆ ಎರ್ರೆಮ್ಮ. ಉದಾಹರಣೆಗೆ!

ಸಂಜೆ ಅವಳದೇ ಮೆಸೇಜು. “ಮಿಸ್, ಹೊಳಿ ಕಡಿ ಸಾಲಿಗೆ ಹೋಗಿದ್ನೆರಿ. ಮಸೂರದ ಪ್ರಯೋಗ ಇತ್ತಲ್ರಿ. ಗೇಟಿನ್ಯಾಗ ನಿಂದ್ರಿಸಿದ್ರು. ನೀ ದಿನಾ ಫೋನ್ನ್ಯಾಗ ಹಾಜರದಿ, ಇಲ್ಲಿ ಯಾಕ ಬಂದಿ ಅಂದ್ರು. ನಾ ಯಾವಾಗ ಹಾಜರಿದ್ನೆರಿ ಮಿಸ್?”

ಆ ಶಾಲೆ ಹತ್ತಿರವೆಂದು ಗಾದೆಪ್ಪ ಬೇರೆ ಹೊಲದವರಿಗೆ ಒಲ್ಲೆ ಎಂದಿದ್ದ. ಟ್ರಸ್ಟಿನ ಮೇಲೆ ಸಿಟ್ಟು. ಪಾಲಾಕ್ಷಪ್ಪನವರ ಮೇಲೆ ಸಿಟ್ಟು. ಎಲ್ಲರಿಗಿಂತ ಹೆಚ್ಚು ನನ್ನ ಮೇಲೆ.

ಜನವರಿ 8, ಗುರುವಾರ

ನಿಲ್ಲಿಸಿಬಿಡಿ ಸರ್ ಎಂದು ಪಾಲಾಕ್ಷಪ್ಪನವರಿಗೆ ಹೇಳಿದೆ. “ಪರೀಕ್ಷಿ ಒಂದು ಮುಗೀಲಿ ತಡೀರಿ” ಎಂದರು.

ಎರ್ರೆಮ್ಮನಿಗೆ ಫೋನ್ ಮಾಡಿ ಎಲ್ಲ ಬಿಚ್ಚಿ ಹೇಳಿದೆ. ನಿಜ ಹೇಳಿದರೆ ಶಾಲೆಯ ಗೇಟು ತೆರೆಯಬಹುದು. ಸುಳ್ಳು ಹಾಜರಿ ಅಳಿಸಿ, ಹಾಲ್ ಟಿಕೆಟ್ಟೂ ಹೋಗಬಹುದು. ಏನು ಮಾಡಲಿ, ನೀನೇ ಹೇಳು ಎಂದೆ. ಅವಳೆಂದಳು:

“ಹಾಲ್ ಟಿಕೆಟ್ ಸಿಕ್ಕೂ ಬರಿಯಾಕ ಬರ್ಲಿಲ್ಲಂದ್ರ ಏನ್ ಮಾಡ್ಲಿರಿ ಮಿಸ್? ನಾ ಅಲ್ಲಿಲ್ಲ ಅಂತ ಹೇಳಿಬಿಡ್ರಿ. ಸಾಲ್ಯಾಗ ಕುಂದ್ರಾಕ ಬಿಡ್ರಿ ಅಂತ ಹೇಳ್ರಿ.”

ಜನವರಿ 9, ಶುಕ್ರವಾರ, ರಾತ್ರಿ 8

ಇವತ್ತಿನ ಲೈವ್ ನೋಡಲು ಟ್ರಸ್ಟಿನ ಹಿರಿಯರೆಲ್ಲ ಆನ್‌ಲೈನಿನಲ್ಲಿ ಸೇರಿದ್ದರು. ಪ್ರವೀಣಕುಮಾರ್ ಟೈ ಕಟ್ಟಿದ್ದರು. ಎರ್ರೆಮ್ಮನ ಹೆಸರೂ ಇತ್ತು. ಮೈಕ್ ಆನ್ ಮಾಡಿ ಮಾತಾಡು ಎಂದು ಆ ಹೆಸರನ್ನು ಕರೆದೆ. ಪಾಲಾಕ್ಷಪ್ಪನವರು ಗಾಬರಿಯಲ್ಲಿ ಏನು ಒತ್ತಿದರೋ, ಆನ್ ಆಯಿತು. ಕುಕ್ಕರಿನ ಸೀಟಿ. ಕೆಮ್ಮು. “ಏ, ಇದನ್ನ ಹೆಂಗ ಬಂದ್ ಮಾಡಾದಲೇ!”

ಮಕ್ಕಳು ಘೊಳ್ಳೆಂದು ನಕ್ಕರು. ನನಗೆ ನಗು ಬರಲಿಲ್ಲ.

“ಈಕಿ ಎರ್ರೆಮ್ಮ ಅಲ್ರಿ. ಎರ್ರೆಮ್ಮ ಹೊಳಿ ದಂಡಿಗೆ ಮರಿ ಬಿಡಾಕತ್ಯಾಳ. ಕಲಿಯಾಕ ಬಂದಾಕಿನ್ನ ನಿಮ್ಮ ಸುತ್ತೋಲೆ ತೋರಿಸಿ ಗೇಟಿನಿಂದ ಹೊಳ್ಳಿ ಕಳ್ಸ್ಯಾರ. ಗೊತ್ತಿದ್ದೂ ನಾ ಸುಮ್ಮನಿದ್ದೆ.”

“ಮೇಡಂ, ಮೇಡಂ, ಇದು ರೆಕಾರ್ಡ್ ಆಗಾಕತ್ತೈತ್ರಿ” ಎಂದರು ಪ್ರವೀಣಕುಮಾರ್.

“ಆಗ್ಲಿ ಬಿಡ್ರಿ.”

ಪಾಲಾಕ್ಷಪ್ಪನವರು ಫೋನ್ ಎತ್ತುತ್ತಿಲ್ಲ. ಹಾಲ್ ಟಿಕೆಟ್ ಏನಾಗುತ್ತದೋ ಗೊತ್ತಿಲ್ಲ. ನಾಳೆ ಶಾಲೆಗೆ ಹೋಗಲೋ ಬೇಡವೋ ಎಂದು ಎರ್ರೆಮ್ಮ ಕೇಳಿದಳು. ಹೋಗು, ನಾನೂ ಬರುತ್ತೇನೆ ಎಂದೆ. ಹಡಗಲಿ ಕಡೆಯ ಮೊದಲ ಬಸ್ಸು ಹಿಡಿಯಬೇಕು, ಆ ಶಾಲೆ ಅಲ್ಲೇ. ಲ್ಯಾಬಿನ ಮಸೂರ ಚೀಲದಲ್ಲಿ ಹಾಕಿಕೊಂಡಿದ್ದೇನೆ. ಒಳಗೆ ಬಿಟ್ಟರೆ ಒಳಗೆ. ಬಿಡದಿದ್ದರೆ ಗೇಟಿನ ಹೊರಗೇ, ಬಿಸಿಲಿನಲ್ಲೇ ಪಾಠ. ಯಾರಾದರೂ ಬಂದು ಏಳಿ ಎಂದರೂ ಪಾಠ ಮುಗಿಯದೆ ಏಳುವುದಿಲ್ಲ.