‘ಪಾಳು’ ಎಂಬ ಕಾಲಮ್ಮಿನಲ್ಲಿ ಒಂದು ಜೊಂಡಿನ ಬಯಲು

ನಿಸರ್ಗ ಪುನಶ್ಚೇತನ ನಿಧಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಏಳು ಎಕರೆ ಜೊಂಡಿನ ಬಯಲಿದೆ. ನಿಮ್ಮ ಕಡತದಲ್ಲಿ ಅದು ‘ಪಾಳು’. ಪಾಳಿಗೆ ನಿಮ್ಮ ಅಂಕಪಟ್ಟಿಯಲ್ಲಿ ಸೊನ್ನೆ. ಆದ್ದರಿಂದ ಅಲ್ಲಿ ಮಣ್ಣು ತುಂಬಿ ಹದಿನಾಲ್ಕು ಮಹಡಿ ಎಬ್ಬಿಸಲಿರುವ ಬಿಲ್ಡರ್ ನಿಸರ್ಗಕ್ಕೆ ಹಿಂದಿರುಗಿಸಬೇಕಾದದ್ದೂ ಸೊನ್ನೆ. ಮುಂದಿನ ಸೋಮವಾರ ನೀವು ಅನುಮತಿಗೆ ಸಹಿ ಹಾಕುತ್ತೀರೆಂದು ನಿಮ್ಮ ಸೂಚನಾ ಫಲಕ ಹೇಳುತ್ತಿದೆ. ಅದಕ್ಕೆ ಮೊದಲು ಎಲ್ಲರೆದುರು ಒಪ್ಪಿಕೊಳ್ಳಬೇಕಾದ ಮಾತೊಂದಿದೆ: ಆ ಪದವನ್ನು ನಿಮ್ಮ ನಮೂನೆಗೆ ತಂದವಳು ನಾನು.

ನಾನು ಅನುವಾದಕಿ. ಔಷಧಿ ಡಬ್ಬಿಯೊಳಗಿನ ಚೀಟಿ, ಲಿಫ್ಟಿನ ಎಚ್ಚರಿಕೆ, ವಿಮೆಯ ಷರತ್ತು ಇಂಥವನ್ನು ಕನ್ನಡಕ್ಕೆ ತಂದು ಬದುಕುತ್ತೇನೆ. ನಾಲ್ಕು ವರ್ಷದ ಹಿಂದೆ ನಿಮ್ಮ ಕಚೇರಿ ಮೂವತ್ತೆರಡು ಪುಟದ ಇಂಗ್ಲಿಷ್ ನಮೂನೆ ಕಳಿಸಿ ಮೂರು ದಿನ ಕೊಟ್ಟಿತ್ತು. ಅದರ ಹನ್ನೊಂದನೇ ಪುಟದಲ್ಲಿ ನೆಲದ ಸ್ವರೂಪ ಗುರುತಿಸುವ ಪಟ್ಟಿ. ಕಾಡು, ಕೆರೆ, ಹುಲ್ಲುಗಾವಲು ಸಲೀಸಾಗಿ ಬಂದವು. ಜೊಂಡು, ಪೊದೆ, ಕುರುಚಲು ತಮ್ಮಷ್ಟಕ್ಕೆ ಬೆಳೆದು ನಿಂತ ನೆಲಕ್ಕೆ ಮೂಲದಲ್ಲಿ ಒಂದೇ ಪದವಿತ್ತು. ಅಲ್ಲಿ ನನ್ನ ಕೈ ತಡವರಿಸಿತು. ನಾನು ಇಂಗ್ಲಿಷ್ ಮಾಧ್ಯಮದಲ್ಲಿ ಓದಿದವಳು. ಗಿಡಮರಗಳನ್ನು ಶಾಲೆಯಲ್ಲಿ ಒಂದು ಭಾಷೆಯಲ್ಲಿ ಕಲಿತೆ, ಅವುಗಳ ಬಗೆಗಿನ ಭಯವನ್ನು ಮನೆಯಲ್ಲಿ ಇನ್ನೊಂದರಲ್ಲಿ. “ಆ ಪಾಳಿನ ಕಡೆ ಹೋದ್ರೆ ಕಾಲು ಮುರೀತೀನಿ” ಎಂದು ಅಮ್ಮ ಗದರುತ್ತಿದ್ದದ್ದು ಕಿವಿಯಲ್ಲಿತ್ತು. ‘ಪಾಳು’ ಎಂದು ಬರೆದೆ. ಎರಡಕ್ಷರ, ಕಾಲಮ್ಮಿನಲ್ಲಿ ಚೆನ್ನಾಗಿ ಕೂತಿತು. ಆಮೇಲೆ ನಿಮ್ಮ ಸಮಿತಿ ನನ್ನ ಕನ್ನಡವನ್ನು ಓದಿ ಅಂಕ ಹಂಚಿತು. ಪಾಳಿಗೆ ಯಾರು ತಾನೇ ಅಂಕ ಕೊಟ್ಟಾರು?

ಕಟ್ಟಡಗಳೇ ಬೇಡ ಎನ್ನುವವಳಲ್ಲ ನಾನು. ಹಾಗೆ ಹೇಳಲು ನನಗೆ ಬಾಯಿಯೂ ಇಲ್ಲ. ಅದೇ ಬಯಲಿನ ಅಂಚು ಕತ್ತರಿಸಿ ಕಟ್ಟಿದ ಮನೆಯ ಮೂರನೇ ಮಹಡಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ನಿಮ್ಮ ನಿಯಮ ಒಳ್ಳೆಯದು ಎಂದೇ ಈಗಲೂ ನಂಬಿದ್ದೇನೆ. ಕಟ್ಟುವವರು ಎಷ್ಟು ಹಾಳುಮಾಡುತ್ತಾರೋ ಅದಕ್ಕಿಂತ ಹೆಚ್ಚನ್ನು, ಅದೇ ಸುತ್ತಮುತ್ತ, ತಮ್ಮ ಖರ್ಚಿನಲ್ಲಿ ಮತ್ತೆ ಜೀವಂತಗೊಳಿಸಬೇಕು. ಮನೆ ಬೇಕಾದವರಿಗೆ ಮನೆ, ನೀರುಕೋಳಿಗೆ ಗೂಡು. ಇಷ್ಟು ಸರಳವಾಗಿ, ಇಷ್ಟು ನ್ಯಾಯವಾಗಿ ಬರೆದ ಸರ್ಕಾರಿ ಕಾಗದ ನನ್ನ ಮೇಜಿಗೆ ಬೇರೆ ಬಂದಿಲ್ಲ. ಅದನ್ನು ಕೆಡಿಸಿದ್ದು ನನ್ನದೇ ಎರಡಕ್ಷರ ಎಂಬುದು ನನ್ನನ್ನು ಕೂತಲ್ಲಿ ಕೂರಗೊಡುತ್ತಿಲ್ಲ.

ಗೊತ್ತಾದದ್ದು ಹೋದ ತಿಂಗಳು. ಬಯಲಿನಲ್ಲಿ ಜೊಂಡು ಕೊಯ್ದು ಚಾಪೆ ಹೆಣೆಯುವ ಹೆಂಗಸೊಬ್ಬಳು ನಮ್ಮ ಗೇಟಿಗೆ ಅಂಟಿಸಿದ್ದ ನೋಟಿಸನ್ನು ಓದಿಸಿಕೊಳ್ಳಲು ಬಂದಳು. ‘ಸದರಿ ಜಮೀನು ಪಾಳು’ ಎಂದು ಓದಿದೆ.

“ಪಾಳು ಅಂದ್ರೆ ಬಿಟ್ಟು ಹೋಗಿದ್ದು ತಾನೇ ಅಕ್ಕಾ?”

“ಹೌದು.”

“ಯಾರು ಬಿಟ್ಟು ಹೋದ್ರು? ನಾನು ದಿನಾ ಬರ್ತೀನಿ. ನೀರು ಬಿಟ್ಟು ಹೋಗಿಲ್ಲ, ಹಕ್ಕಿ ಬಿಟ್ಟು ಹೋಗಿಲ್ಲ. ಯಾವ ಪುಣ್ಯಾತ್ಮ ಬರೆದಿದ್ದು ಇದನ್ನ? ಮಹಡಿ ಮೇಲೆ ನಿಂತು ನೋಡಿದ್ನಾ?”

ಪುಣ್ಯಾತ್ಮಳು ಎದುರಿಗೇ ನಿಂತಿದ್ದಾಳೆ ಎಂದು ಹೇಳುವ ಧೈರ್ಯ ಅವತ್ತು ಬರಲಿಲ್ಲ. ಮರುದಿನ ಅವಳ ಹಿಂದೆ ಬಯಲಿಗಿಳಿದೆ. ಮೊಣಕಾಲುದ್ದ ನೀರು. ಅವಳು ಜೊಂಡನ್ನು ನೀರಿನಿಂದ ಒಂದು ಗೇಣು ಮೇಲೆ ಕೊಯ್ಯುತ್ತಾಳೆ. ನೀರಿನೊಳಗೆ ಕತ್ತರಿಸಿದರೆ ಬುಡ ಕೊಳೆಯುತ್ತದಂತೆ. ಒಂದು ಪಟ್ಟೆ ಈ ವರ್ಷ ಕೊಯ್ದರೆ ಪಕ್ಕದ್ದನ್ನು ಗೂಡು ಕಟ್ಟುವ ಹಕ್ಕಿಗಳಿಗೆಂದು ಮುಟ್ಟುವುದಿಲ್ಲ. ಬಯಲಿನ ಮೇಲ್ಭಾಗ ಮಾತ್ರ ಸತ್ತಿದೆ. ನಮ್ಮ ಕಟ್ಟಡ ಕಟ್ಟುವಾಗ ಸುರಿದ ಇಟ್ಟಿಗೆ ಚೂರು, ಕಾಂಕ್ರೀಟು ಅಲ್ಲಿಗೆ ನೀರು ತರುವ ಕಾಲುವೆಯ ಬಾಯಿಗೆ ಅಡ್ಡ ಬಿದ್ದಿದೆ. “ಅದನ್ನ ತೆಗೆಸಿ ಸಾಕು. ಬುಡ ನಾನು ನೆಡ್ತೀನಿ. ಎರಡು ಮಳೆಗಾಲದಲ್ಲಿ ನಿಮ್ಮೆತ್ತರ ಬರುತ್ತೆ ನೋಡಿ,” ಎಂದಳು. ನಿಮ್ಮ ನಮೂನೆ ಮೂವತ್ತೆರಡು ಪುಟದಲ್ಲಿ ಕೇಳುವ ಪುನಶ್ಚೇತನ ಯೋಜನೆ ಇದಲ್ಲದೆ ಮತ್ತೇನು, ಮಾನ್ಯರೇ?

ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ. ಗುಮಾಸ್ತರು ಸಜ್ಜನರು, ಕುರ್ಚಿ ಕೊಟ್ಟರು.

“ಪಾಳು ಅಂತ ನಾವು ಹೇಳಿಲ್ಲ ಮೇಡಂ, ಫಾರಂ ಹೇಳ್ತಿದೆ.”

“ಆ ಫಾರಂ ಬರೆದದ್ದು ನಾನೇ ಸಾರ್.”

“ಹಾಗಾದ್ರೆ ನೀವು ನಿಮ್ಮನ್ನೇ ಕೇಳ್ಕೋಬೇಕಲ್ವಾ?”

ನಗು ಬಂತು, ನಕ್ಕೆ. ಹೊರಗೆ ಬಂದ ಮೇಲೆ ಕೇಳಿಕೊಂಡೆ ಕೂಡ. ಬಯಲು ನನ್ನ ಬಾಲ್ಕನಿಯ ಹಿಂದೆ ಇರದಿದ್ದರೆ ನಾನು ಇಷ್ಟು ಓಡಾಡುತ್ತಿದ್ದೆನೇ? ಈ ಒಂದು ಪದದಿಂದ ಇನ್ನೆಷ್ಟು ಕಡೆ ಜೊಂಡು, ಕುರುಚಲು ಸೊನ್ನೆಯಾಗಿ ಹೋಗಿರಬಹುದು? ಮೊದಲನೆಯದಕ್ಕೆ ಪ್ರಾಮಾಣಿಕ ಉತ್ತರ ಹೇಳಲು ನಾಚಿಕೆಯಾಗುತ್ತದೆ. ಎರಡನೆಯದರ ಉತ್ತರ ನಿಮ್ಮ ಕಪಾಟಿನಲ್ಲಿದೆ.

ಬಿಲ್ಡರ್‌ನ ಎಂಜಿನಿಯರನ್ನೂ ಕಂಡೆ. ಜಗಳಕ್ಕೆ ಸಿದ್ಧಳಾಗಿ ಹೋದವಳಿಗೆ ಅವರು ಹೇಳಿದ್ದು: “ಕೊಡೋಕೆ ನಮ್ಮ ತಕರಾರಿಲ್ಲ ಮೇಡಂ. ಒಣಗಿರೋ ಕಡೆ ಕಟ್ಟಿ, ನೀರಿರೋ ಕಡೆ ಬಿಡಿ ಅಂದ್ರೆ ಬಿಡ್ತೀವಿ. ಅವರು ಸೊನ್ನೆ ಅಂದ್ರು, ನಾವು ಸೊನ್ನೆ ಕೊಟ್ವಿ.” ಕೊಡಲು ಸಿದ್ಧರಿದ್ದಾರೆ, ಕೇಳುವವರೇ ಇಲ್ಲ. ನಿಧಿ ಹುಟ್ಟಿದ್ದೇ ಕೇಳುವುದಕ್ಕಲ್ಲವೇ?

ನಿಧಿ ಏನೂ ಮಾಡಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಬೇರೆ ಕಟ್ಟಡಗಳಿಂದ ಬಂದ ಹಣದಲ್ಲಿ ಐವತ್ತು ಕಿಲೋಮೀಟರ್ ಆಚೆ ನೀವು ಮಾಡಿಸಿದ ‘ನಿಸರ್ಗಧಾಮ’ವನ್ನು ಕಣ್ಣಾರೆ ನೋಡಿ ಬಂದಿದ್ದೇನೆ. ಹುಲ್ಲುಹಾಸು ಸೊಗಸಾಗಿದೆ. ಸಿಮೆಂಟಿನ ಕೊಕ್ಕರೆಗಳು ಬಿಳಿ ಬಣ್ಣದಲ್ಲಿ ಹೊಳೆಯುತ್ತಿವೆ, ಗಲೀಜು ಮಾಡುವುದಿಲ್ಲ, ವಲಸೆಯೂ ಹೋಗುವುದಿಲ್ಲ. ಇಲ್ಲಿಯ ಜೀವಂತ ಕೊಕ್ಕರೆಗಳಿಗೆ ಅಲ್ಲಿಯ ವಿಳಾಸವನ್ನು ಯಾರು ತಿಳಿಸುತ್ತಾರೆ ಎಂಬುದಷ್ಟೇ ಧಾಮದ ಫಲಕದಲ್ಲಿ ಬರೆದಿಲ್ಲ.

ತಿದ್ದುಪಡಿ ಕೋರಿ ಎರಡು ಪತ್ರ ಬರೆದೆ. ‘ನಮೂನೆ ಅಂತಿಮವಾಗಿರುತ್ತದೆ’ ಎಂಬ ಒಂದೇ ಸಾಲಿನ ಉತ್ತರ ಬಂತು. ಮಾನ್ಯರೇ, ನನ್ನ ಅನುವಾದ ಅಂತಿಮವಾಗುವಷ್ಟು ದೊಡ್ಡದಲ್ಲ. ಲಿಫ್ಟಿನ ಎಚ್ಚರಿಕೆಯಲ್ಲಿ ತಪ್ಪಾದರೆ ಮರುದಿನವೇ ಕರೆದು ತಿದ್ದಿಸುತ್ತಾರೆ, ಯಾರಾದರೂ ಬೀಳಬಹುದೆಂದು. ಇಲ್ಲಿಯೂ ಬೀಳುವವರಿದ್ದಾರೆ. ಚಾಪೆಯವಳ ವರ್ಷದ ದುಡಿಮೆಯೆಲ್ಲ ಆ ನೀರಿನಲ್ಲೇ ನಿಂತಿದೆ.

ಆದ್ದರಿಂದ ಸೋಮವಾರದ ಸಹಿಯನ್ನು ತಡೆಹಿಡಿಯಿರಿ. ಹನ್ನೊಂದನೇ ಪುಟದಿಂದ ಆ ಪದವನ್ನು ತೆಗೆದು ‘ಜೊಂಡು ಮತ್ತು ಕುರುಚಲು’ ಎಂದು ಬರೆಸಿ, ಅದಕ್ಕೆ ತಕ್ಕ ಅಂಕ ಕೊಡಿ. ಬಯಲನ್ನು ಮತ್ತೊಮ್ಮೆ ಅಳೆಯಿರಿ, ಅಳೆಯುವವರ ಜೊತೆಗೆ ಚಾಪೆಯವಳನ್ನು ಕರೆದುಕೊಂಡು ಹೋಗಿ. ಬಿಲ್ಡರ್ ಕೊಡುವ ಹಣ ಇದೇ ಕಾಲುವೆಗೆ ಇಳಿಯಲಿ. ಅದರಲ್ಲಿ ಮೊದಲ ಕೂಲಿ ಅವಳದಾಗಲಿ. ಇದೇ ಪದದ ಕೆಳಗೆ ಈವರೆಗೆ ಮುಚ್ಚಿಹೋದ ನೆಲಗಳ ಪಟ್ಟಿಯನ್ನು ನಿಮ್ಮ ಸೂಚನಾ ಫಲಕಕ್ಕೆ ಹಾಕಿ. ಓದಲು ನನಗೆ ಕಷ್ಟವಾಗುತ್ತದೆ, ಆದರೂ ಹಾಕಿ.

ಈ ಪತ್ರ ಪತ್ರಿಕೆಯಲ್ಲಿ ಅಚ್ಚಾಗುವ ದಿನ ಅದನ್ನು ಅವಳಿಗೆ ನಾನೇ ಓದಿ ಹೇಳಬೇಕು. ಯಾರು ಬರೆದದ್ದು ಎಂದು ಅವಳು ಮತ್ತೆ ಕೇಳುತ್ತಾಳೆ. ನನ್ನ ಉತ್ತರ ಸಿದ್ಧವಿದೆ. ಯಾರು ತಿದ್ದಿದ್ದು ಎಂದು ಕೇಳಿದರೆ ಏನು ಹೇಳಲಿ?

ಇಂತಿ,
ಅಳೆಯಲು ಬರುವವರ ಹಿಂದೆ ಚಪ್ಪಲಿ ಕೈಯಲ್ಲಿ ಹಿಡಿದು ನೀರಿಗಿಳಿಯಲು ಸಿದ್ಧಳಾಗಿರುವ,
ತಡವಾಗಿ ಕನ್ನಡ ಕಲಿಯುತ್ತಿರುವ ಒಬ್ಬ ಅನುವಾದಕಿ